ಎಲೆ ಸಕ್ಕರೆಯೂ ಪೀರಸಾಬನ ಹೆಬ್ಬೆರಳೂ

ಸಿರುಗುಪ್ಪದ ಆ ಓಣಿಯಲ್ಲಿ ಗುಲ್ಜಾರಬೀಗೆ ಸಿಟ್ಟು ಬಂದಿದೆ ಅಂದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಯಾರ ಮೇಲೆ ಅಂತ ಕೇಳುತ್ತಾರೆ. ತಮ್ಮ ಮೇಲಲ್ಲ ಅಂತ ಖಾತ್ರಿಯಾದರೆ ನಿಶ್ಚಿಂತೆಯಿಂದ ಚಹಾ ಕುಡಿಯಲು ಹೋಗುತ್ತಾರೆ. ಅವಳು ಕುರುಗೋಡಿನ ಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದವಳು. "ಆ ಊರಿನ ಕಲ್ಲುಬಂಡಿ ಒಮ್ಮೆ ಕಾದ್ರ ಹೊತ್ತು ಮುಳುಗಿದ್ರೂ ಆರಂಗಿಲ್ಲ. ನಮ್ಮಾಕಿನೂ ಹಂಗ" ಎನ್ನುತ್ತಿದ್ದ ಅವಳ ಗಂಡ ಪೀರಸಾಬ್. ಅವಳಿಗೆ ಕೇಳದ ಹಾಗೆ ಹೇಳುತ್ತಿದ್ದ, ಅದು ಬೇರೆ ಮಾತು.

ಪೀರಸಾಬ್ ಹತ್ತಿ ಹಿಂಜುವ ಪಿಂಜಾರರ ಪೈಕಿ. ಗಾದಿ ಹೊಲಿಯುವುದು ಅವನ ಕಸುಬು, ಅವನ ಅಪ್ಪನ ಕಸುಬು. ಈಗ ಹತ್ತಿ ಹಿಂಜುವುದು ಮಷೀನಿನಲ್ಲಿ. ಅಪ್ಪ ಹಿಂಜುತ್ತಿದ್ದ ಬಿಲ್ಲು ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ಆದರೆ ಹೊಲಿಗೆ ಮಾತ್ರ ಇವತ್ತಿಗೂ ಕೈಯದೇ. ಗುಲ್ಜಾರಬೀ ಮೇಲುಬಟ್ಟೆಯ ಖೋಳು ಕತ್ತರಿಸಿ ಹತ್ತಿ ಹರವಿ ಕೊಡುತ್ತಾಳೆ. ಪೀರಸಾಬ್ ಗಾದಿಯ ಮೇಲೇ ಕೂತು, ಬಲಗಾಲು ಮುಂದೆ ಚಾಚಿ, ಹೆಬ್ಬೆರಳಿನಿಂದ ಬಟ್ಟೆಯ ಅಂಚನ್ನು ಒತ್ತಿ ಹಿಡಿದು, ದಬ್ಬಣ ಆಡಿಸುತ್ತಾನೆ. ಆ ಹೆಬ್ಬೆರಳು ಅವನಿಗೆ ಮೂರನೆಯ ಕೈ. ಅದು ಬಿಗಿ ಹಿಡಿದರೆ ಅಂಚು ಗೆರೆ ಎಳೆದಷ್ಟು ನೆಟ್ಟಗೆ ಬರುತ್ತದೆ, ಸಡಿಲ ಬಿಟ್ಟರೆ ಗಾದಿ ಸೊಟ್ಟ. ರಾರಾವಿಯಿಂದ, ಸಿರಿಗೇರಿಯಿಂದ ಜನ ಬಂದು ಮದುವೆಯ ಗಾದಿ ಅವನಲ್ಲೇ ಹೊಲಿಸುತ್ತಿದ್ದುದು ಆ ಅಂಚಿಗಾಗಿಯೇ.

ಮನುಷ್ಯ ಸಂಭಾವಿತ, ಆದರೆ ನಾಲಿಗೆ ಸಿಹಿಗೆ ಬಿದ್ದದ್ದು. ಅವನ ಚಹಾ ಅಂದರೆ ಸಕ್ಕರೆ ಪಾಕಕ್ಕೆ ಚಹಾಪುಡಿಯ ವಾಸನೆ ತೋರಿಸಿದಂತೆ. ಹಾಗಾಗಿ ಶುಗರ್ ಬಂದಾಗ ಗುಲ್ಜಾರಬೀಗೆ ಆಶ್ಚರ್ಯವೇನೂ ಆಗಲಿಲ್ಲ, ಸಿಟ್ಟು ಬಂತು. ಮನೆಯ ಸಕ್ಕರೆ ಡಬ್ಬಿ ಅಟ್ಟ ಹತ್ತಿತು. ದವಾಖಾನೆಯ ಗುಳಿಗೆಯನ್ನು ದಿನಾ ಬೆಳಿಗ್ಗೆ ಅವಳೇ ಅವನ ಅಂಗೈಯಲ್ಲಿಟ್ಟು, ನೀರಿನ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು. ಅವನು ಚಪ್ಪೆ ಚಹಾ ಕುಡಿಯುತ್ತ ತಿಥಿ ಮನೆಯಲ್ಲಿ ಕೂತವನ ಹಾಗೆ ಕೂರುತ್ತಿದ್ದ. ಮುಖ ಹೇಗಾದರೂ ಇರಲಿ, ಶುಗರ್ ಹಿಡಿತದಲ್ಲಿತ್ತು. ಎರಡು ವರ್ಷ ಹೀಗೇ ನಡೆಯಿತು.

ಆಗ ಬಂತು ಎಲೆ ಸಕ್ಕರೆ.

ತಂದವನು ಹೊಟ್ಟೆಯಲ್ಲಿ ಹುಟ್ಟಿದ ಮಗನೇ, ಆಸಿಂ. ಅವನು ಬಳ್ಳಾರಿಯಲ್ಲಿ ಗವಿಸಿದ್ದೇಶ್ ಎಂಬುವನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಾಣದ ಎಣ್ಣೆ, ಸಿರಿಧಾನ್ಯ, ಬೇರು, ಪುಡಿ, ಕಷಾಯ ಮಾರುವ ಅಂಗಡಿ. ಬಾಗಿಲ ಮೇಲೆ 'ನೇರ ಪ್ರಕೃತಿಯಿಂದ' ಎಂಬ ಹಸಿರು ಬೋರ್ಡು. ಒಂದು ಭಾನುವಾರ ಆಸಿಂ ಎಲೆಯ ಚಿತ್ರವಿದ್ದ ಪಾಕೀಟನ್ನು ಅಮ್ಮನ ಕೈಗಿಟ್ಟ.

"ಅಮ್ಮಾ, ಇದು ಸಕ್ಕರಿ ಅಲ್ಲ. ಸಿಹಿ ಎಲಿ ಗಿಡದಿಂದ ತಗದದ್ದು. ಶುಗರ್ ಇದ್ದೋರು ಎಷ್ಟಾದ್ರೂ ತಿನ್ನಬೌದು. ಕೆಮಿಕಲ್ ಒಂದೀಟೂ ಇಲ್ಲ."

ಗುಲ್ಜಾರಬೀ ಪಾಕೀಟು ಹರಿದು ಅಂಗೈಗೆ ಸುರಿದುಕೊಂಡಳು. ಹೊಳೆಯುವ ಬಿಳಿ ಹರಳು.

"ಎಲಿ ಹಸರು ಇರ್ತೈತಿ. ಇದ್ಯಾಕ ಬೆಳ್ಳಗೈತಿ?"

"ಶುದ್ಧ ಮಾಡಿರ್ತಾರಮ್ಮಾ."

"ಕಬ್ಬಿನ ಹಾಲೂ ಹಸರಗ ಇರ್ತೈತಿ, ಶುದ್ಧ ಮಾಡಿದ ಮ್ಯಾಲ ಸಕ್ಕರಿ ಆಗ್ತೈತಿ. ಅದಕ್ಕೂ ಇದಕ್ಕೂ ಏನು ಫರಕು?"

"ನಿಮಗ ತಿಳಿಯಂಗಿಲ್ಲ ಬಿಡ್ರಿ" ಎಂದು ಆಸಿಂ ನಕ್ಕ. ಆ ನಗೆ ಅವಳಿಗೆ ಸೇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳ ಒಳಗೆ ಏನೋ ಕುಟುಕಿತು. ಆದರೆ ಅಷ್ಟರಲ್ಲಿ ಪೀರಸಾಬ್ ಆ ಪುಡಿ ಹಾಕಿದ ಚಹಾದ ಮೊದಲ ಗುಟುಕು ಕುಡಿದಿದ್ದ. ಎರಡು ವರ್ಷದಿಂದ ಕಾಣದಿದ್ದ ನಗೆ ಅವನ ಮುಖದಲ್ಲಿ ಕಂಡಿತು. "ಏ ಗುಲ್ಜಾರ, ಜೀವ ಬಂತ ನೋಡು" ಎಂದ. ಅಲ್ಲಿ ಸೋತಳು ಗುಲ್ಜಾರಬೀ. ಊರಿಗೆಲ್ಲ ಬಂಡೆ, ಆ ಮುದುಕನ ನಗೆಗೆ ಬೆಣ್ಣೆ. ಮರುದಿನದಿಂದ ಪಾಕೀಟು ಅಡುಗೆಮನೆಯ ಗೂಡಿನಲ್ಲಿ ಜಾಗ ಹಿಡಿಯಿತು.

ಮೊಹರಂ ಬಂತು. ಆ ಓಣಿಯ ಮೊಹರಂ ಯಾರೊಬ್ಬರದೂ ಅಲ್ಲ. ಎದುರುಮನೆಯ ಚನ್ನವೀರಮ್ಮ ಹಣೆತುಂಬ ವಿಭೂತಿ ಹಚ್ಚಿಕೊಂಡು, ಊದು-ಸಕ್ಕರೆ ಹಿಡಿದು ಪೀರಲ ದೇವರ ಮುಂದೆ ನಿಂತು, ಸಕ್ಕರೆಯ ಮೇಲೆ ಫಾತೆಹಾ ಓದಿಸಿಕೊಂಡು ಬಂದು ಓಣಿಗೆಲ್ಲ ಹಂಚುತ್ತಾಳೆ. ಅವಳ ಅತ್ತೆ ಹೊತ್ತ ಹರಕೆ, ಇವಳು ನಡೆಸುತ್ತಿದ್ದಾಳೆ. ಚೊಂಗೆ ಮಾಡುವುದು ಗುಲ್ಜಾರಬೀಯ ಪಾಲು. ಗೋಧಿ ಹಿಟ್ಟನ್ನು ಬೆಲ್ಲದ ನೀರಲ್ಲಿ ನಾದಿ, ತಾಯಿ ಕೊಟ್ಟ ಕೆತ್ತನೆಯ ಮಣೆಯ ಮೇಲೆ ಒತ್ತಿ, ತುಪ್ಪದಲ್ಲಿ ಕೆಂಪಗೆ ಬೇಯಿಸಿದರೆ ಎಂಟು ದಿನ ಇಟ್ಟರೂ ಕೆಡದು. ಅವಳ ಚೊಂಗೆ ತಿನ್ನದೆ ಆ ಓಣಿಯಲ್ಲಿ ಮೊಹರಂ ಮುಗಿಯುವುದಿಲ್ಲ.

ಈ ಸಲ ಎರಡು ಥರ ಮಾಡಿದಳು. ಒಂದು ಬೆಲ್ಲದ್ದು, ಇನ್ನೊಂದು ಎಲೆ ಸಕ್ಕರೆಯದು. ಎರಡನೆಯದನ್ನು ಬೇರೆ ಬುಟ್ಟಿಯಲ್ಲಿಟ್ಟುಕೊಂಡು ಶುಗರ್ ಇದ್ದವರ ಮನೆಮನೆಗೆ ಹೋಗಿ ಕೊಟ್ಟಳು. ಚನ್ನವೀರಮ್ಮನಿಗೂ ಶುಗರ್. ಓದಿಸಿದ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ಬೇರೆಯವರಿಗೆ ಕೊಡುತ್ತಿದ್ದವಳು ಆ ದಿನ ಬಾಯಿತುಂಬ ಚೊಂಗೆ ತಿಂದಳು.

"ಇನ್ನೊಂದು ತಗೊಳ್ರಿ ಅಕ್ಕಾರ. ಎಲಿದು, ಏನೂ ಆಗಂಗಿಲ್ಲ" ಎಂದಳು ಗುಲ್ಜಾರಬೀ. ಈ ಮಾತು ಆಮೇಲೆ ಅವಳನ್ನು ಬಹಳ ಕಾಡಿತು.

ಪೀರಸಾಬನಂತೂ ಊಟ ಬಿಟ್ಟು ಚೊಂಗೆ ತಿಂದ. ಹಬ್ಬ ಮುಗಿದರೂ ಅವನಿಗೆ ಮುಗಿಯಲಿಲ್ಲ. ಮತ್ತೆ ಮಾಡು ಅಂದ, ಮಾಡಿದಳು. ಬರಬರುತ್ತ ಅವನು ಕೊಡಗಟ್ಟಲೆ ನೀರು ಕುಡಿಯತೊಡಗಿದ. ಅಂಗಿ ಜೋತು ಬಿತ್ತು. "ಸೆಕಿ ನೋಡು, ಮನುಷ್ಯ ಒಣಗ್ತಾನ" ಅನ್ನುತ್ತಿದ್ದ. ಸಿರುಗುಪ್ಪದ ಸೆಕೆಗೆ ಏನು ಹೇಳಿದರೂ ನಂಬಬೇಕು, ಅವಳೂ ನಂಬಿದಳು. ಗುಳಿಗೆಯಂತೂ ದಿನಾ ಅವಳ ಕೈಯಿಂದಲೇ ಹೋಗುತ್ತಿತ್ತಲ್ಲ.

ಶ್ರಾವಣದಲ್ಲಿ ಚನ್ನವೀರಮ್ಮನ ಮೊಮ್ಮಗಳು ಗಂಗೋತ್ರಿಯ ಮದುವೆ. ಹೆಣ್ಣಿನ ಕಡೆಯವರು ಗಾದಿ ಕೊಡುವುದು ಪದ್ಧತಿ, ಗಾದಿ ಪೀರಸಾಬನದೇ ಆಗಬೇಕು. ಹೊಲಿದು ಕಳಿಸಿದ ಮಧ್ಯಾಹ್ನವೇ ಚನ್ನವೀರಮ್ಮ ಅದನ್ನು ಆಳಿನ ಹೆಗಲ ಮೇಲೆ ವಾಪಸು ಹೊರಿಸಿಕೊಂಡು ಬಂದಳು. ಆಳು ಹೋಗುವ ತನಕ ಬಾಯಿ ಬಿಡಲಿಲ್ಲ.

"ಗುಲ್ಜಾರ, ತಪ್ಪು ತಿಳ್ಕೋಬ್ಯಾಡವ್ವ. ಮದುವಿ ಗಾದಿ, ಬೀಗರು ನೋಡಿದ್ರ ಅಪಶಕುನ ಅಂತಾರ" ಎಂದು ಅಂಚನ್ನು ಮಗುಚಿ ತೋರಿಸಿದಳು. ಹೊಲಿಗೆಯ ಉದ್ದಕ್ಕೂ ಕಂದು ಕಲೆ. ಒಂದಲ್ಲ, ಸಾಲಾಗಿ. ರಕ್ತ.

ಗುಲ್ಜಾರಬೀ ಕತ್ತರಿ ತಂದಳು. ಖೋಳು ಬದಲಿಸಬೇಕು, ಬೇರೆ ದಾರಿಯಿಲ್ಲ. ಹೊಲಿಗೆ ಬಿಚ್ಚಿ ಮೂಲೆಯ ಹತ್ತಿ ಹೊರಗೆಳೆದಾಗ ನೆಲದ ಮೇಲೆ ಏನೋ ಟಪಟಪ ಉದುರಿತು. ಹತ್ತಿಬೀಜ ಅಂದುಕೊಂಡಳು. ಎತ್ತಿ ನೋಡಿದಳು. ಬೆಳ್ಳಗೆ, ದುಂಡಗೆ, ನಡುವೆ ಗೀರು. ದಿನಾ ಬೆಳಿಗ್ಗೆ ಅವಳೇ ಗಂಡನ ಅಂಗೈಯಲ್ಲಿಡುತ್ತಿದ್ದ ಗುಳಿಗೆ.

ಚನ್ನವೀರಮ್ಮ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಗುಲ್ಜಾರಬೀ ಕೂಗುವುದು ಓಣಿಗೆ ರೂಢಿಯಾಗಿತ್ತು. ಅವಳು ಕೂಗಲಿಲ್ಲ.

"ಇವೇನ್ರಿ?" ಎಂದಳು ಗಂಡನಿಗೆ.

ಪೀರಸಾಬ್ ಹತ್ತಿಯ ಕಡೆ ನೋಡಿದ. "ಆಸಿಂ ಅಂದ... ಗುಳಿಗಿ ಅಂದ್ರ ಕೆಮಿಕಲ್ಲಂತ. ಎಲಿ ತಾನಾ ಔಷಧ ಅಂತ. ಎಲಿ ತಿನ್ನೋರಿಗೆ ಗುಳಿಗಿ ಯಾತಕ್ಕ ಬೇಕು? ನಿನಗ ಹೇಳಿದ್ರ ಬೈತಿ ಅಂತ ಬಾಯಾಗ ಹಾಕ್ಕೊಂಡಂಗ ಮಾಡಿ..."

"ಗಾದಿಯಾಗ ಹಾಕಿದ್ರಿ."

"ಹೂಂ."

ಮೊಹರಂಗೆ ಮುಂಚಿನಿಂದ ಹೊಲಿದ ಗಾದಿಗಳೆಷ್ಟೋ. ಸಿರುಗುಪ್ಪದಲ್ಲಿ ಯಾರ್ಯಾರು ಪೀರಸಾಬನ ಗುಳಿಗೆಯ ಮೇಲೆ ಮಲಗಿದ್ದಾರೋ ಆ ಅಲ್ಲಾಹನೇ ಬಲ್ಲ. ಬೇರೆ ದಿನವಾಗಿದ್ದರೆ ಗುಲ್ಜಾರಬೀಯೇ ಇದಕ್ಕೆ ನಗುತ್ತಿದ್ದಳೇನೋ. "ಬೈತಿ ಅಂತ" ಎಂಬ ಮಾತು ಅವಳನ್ನು ಈಗ ನಗಗೊಡಲಿಲ್ಲ. ಜೀವಮಾನವೆಲ್ಲ ಈ ಮನೆಯನ್ನು ಕಾಯ್ದುಕೊಂಡು ಬಂದ ಸಿಟ್ಟು, ಅದಕ್ಕೆ ಹೆದರಿ ಗಂಡ ತನ್ನ ಪ್ರಾಣವನ್ನೇ ಹತ್ತಿಯಲ್ಲಿ ಹೂಳಿಟ್ಟಿದ್ದ.

"ಕಾಲು ತೋರಸ್ರಿ" ಎಂದಳು.

ಬಲಗಾಲಿನ ಹೆಬ್ಬೆರಳಿನ ಅಡಿ, ಅಂಚು ಒತ್ತುವ ಜಾಗದಲ್ಲಿ, ದಬ್ಬಣ ಚುಚ್ಚಿದ ತೂತುಗಳು. ಸುತ್ತ ಕಪ್ಪಗೆ ಊದಿಕೊಂಡು ಕೀವು ಒಸರುತ್ತಿತ್ತು. ನೋವಿಲ್ಲವಾ ಅಂತ ಕೇಳಿದಳು. "ಚುಚ್ಚಿದ್ದು ಗೊತ್ತಾ ಆಗಿಲ್ಲ" ಎಂದ ಪೀರಸಾಬ್. ಅವನಿಗೂ ಅದು ಆಶ್ಚರ್ಯವೇ.

ಸಿರುಗುಪ್ಪದ ಡಾಕ್ಟರು ಶೀಲಾ ಕಾಲು ನೋಡಿದವರೇ, ಶುಗರ್ ಏರಿ ಕಾಲಿನ ಸ್ಪರ್ಶವೇ ಸತ್ತಿದೆ, ಈಗಿಂದೀಗ ಬಳ್ಳಾರಿಗೆ ಹೊರಡಿ ಅಂದರು. ಗುಲ್ಜಾರಬೀ ಸೆರಗಿನ ಗಂಟಿನಿಂದ ಎಲೆ ಸಕ್ಕರೆಯ ಪಾಕೀಟು ತೆಗೆದು ಅವರ ಮೇಜಿನ ಮೇಲಿಟ್ಟಳು. "ಇದು ವಿಷ ಏನ್ರಿ?"

"ವಿಷ ಅಲ್ಲಮ್ಮ. ಚಹಾದಾಗ ಒಂಚೂರು ಹಾಕ್ಕೊಂಡ್ರ ಅಡ್ಡಿಯಿಲ್ಲ. ಆದ್ರ ಔಷಧಾನೂ ಅಲ್ಲ. ಇವರನ್ನ ಕೆಡಿಸಿದ್ದು ಈ ಪುಡಿ ಅಲ್ಲ, ಬಿಟ್ಟ ಗುಳಿಗಿ. ಅದರ ಮ್ಯಾಲ ಚೊಂಗಿ. ಸಕ್ಕರಿ ತಗದ್ರ ಚೊಂಗಿಯಾಗ ಗೋಧಿ ಹಿಟ್ಟು ಇಲ್ಲೇನು? ಅದೂ ಹೊಟ್ಟ್ಯಾಗ ಹೋಗಿ ಸಕ್ಕರಿನ ಆಗ್ತೈತಿ."

ಆ ಹಿಟ್ಟು ನಾದಿದ ಕೈ ತನ್ನದೇ. ಗುಲ್ಜಾರಬೀ ಆ ಕೈಯಿಂದಲೇ ಪಾಕೀಟು ಎತ್ತಿಕೊಂಡಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಕಾಲು ನೋಡಿ ತಲೆ ಅಲ್ಲಾಡಿಸಿದರು. ಬೆರಳು ಹೋಗುವುದು ಖರೆ, ಪಾದ ಉಳಿಯುತ್ತದೋ ಇಲ್ಲವೋ ಆಪರೇಷನ್ ಮಾಡುವಾಗ ಗೊತ್ತಾಗುತ್ತದೆ ಅಂದರು. ಪೀರಸಾಬನನ್ನು ಒಳಗೆ ಕರೆದೊಯ್ದ ಮೇಲೆ ಹೊರಗೆ ಬೆಂಚಿನ ಮೇಲೆ ಕೂತು ದುವಾ ಮಾಡುವುದಷ್ಟೇ ಅವಳಿಗೆ ಉಳಿದಿತ್ತು. ಕೂರಲಾಗಲಿಲ್ಲ. ಸೊಸೆ ತಬಸ್ಸುಮಳನ್ನು ಅಲ್ಲಿ ಕೂರಿಸಿ, ಗವಿಸಿದ್ದೇಶನ ಅಂಗಡಿ ಕೇಳಿಕೊಂಡು ಕೇಳಿಕೊಂಡು ನಡೆದೇ ಹೋದಳು. ಆಸಿಂ ಅಲ್ಲೇ ಇದ್ದ. ಸಂಜೆ ರಜೆ ಹಾಕಿ ಬರುತ್ತೇನೆ ಅಂದಿದ್ದ. ಅಪ್ಪನ ಕಾಲು ಕೊಯ್ಯುತ್ತಿರುವಾಗ ಸಂಜೆಯಂತೆ ಇವನಿಗೆ.

ಅಂಗಡಿಯ ಬಾಗಿಲಲ್ಲಿ ಒಂದು ಕುಂಡ, ಕುಂಡದಲ್ಲಿ ತುಳಸಿಯಷ್ಟು ಎತ್ತರದ ಗಿಡ.

"ಇದಾ ಏನಪ್ಪ ಆ ಎಲಿ?"

ಗವಿಸಿದ್ದೇಶ್ ಮೆತ್ತಗಿನ ಮಾತಿನ ಹುಡುಗ. "ಬರ್ರಿ ಅಮ್ಮಾ, ಅದಾ. ರುಚಿ ನೋಡ್ರಿ ಬೇಕಾದ್ರ" ಎಂದ. ಯಾರ ತಾಯಿ ಅಂತ ಅವನಿಗೆ ಗೊತ್ತಿರಲಿಲ್ಲ. ಗುಲ್ಜಾರಬೀ ಒಂದು ಎಲೆ ಕಿತ್ತು ಅಗಿದಳು. ಸಿಹಿ ಹೌದು. ಹಿಂದೆಯೇ ನಾಲಿಗೆಯ ಬುಡಕ್ಕೆ ಒಂದು ಕಹಿ.

"ಎಲಿ ಕಹಿ ಐತಿ. ನಿನ್ನ ಪುಡಿಯಾಗ ಕಹಿ ಇಲ್ಲಲ್ಲ?"

"ಬರೇ ಎಲಿ ಸತ್ವ ಹಾಕಿದ್ರ ಕಹಿ ಬರ್ತೈತ್ರಿ. ಅದಕ್ಕ ಅದನ್ನ ಚಿಟಿಕಿ ಹಾಕಿ, ಉಳಿದದ್ದು ಮೆಕ್ಕೆಜೋಳದಿಂದ ಫ್ಯಾಕ್ಟರಿಯಾಗ ಮಾಡಿದ ಇನ್ನೊಂದು ಪುಡಿ ಬೆರಸ್ತಾರ. ಅದೂ ಗಿಡದ್ದಾ ಅಮ್ಮಾ. ಎಲ್ಲಾ ನ್ಯಾಚುರಲ್."

"ಗಿಡದ್ದು ಅಂದ್ರ ಎಲ್ಲಾ ಒಳ್ಳೇದಾ? ಕಬ್ಬು ಏನು ಕಲ್ಲಿನಾಗ ಬೆಳಿತೈತಾ? ತಂಬಾಕು ಗಿಡದ್ದಲ್ಲಾ? ಸೇಂದಿ? ದತ್ತೂರಿ ಕಾಯಿ ನಮ್ಮ ಮನಿ ಹಿಂದ ಬೇಕಾದಷ್ಟು ಅದಾವು, ತಂದು ಕೊಡ್ಲಾ, ಅದಕ್ಕೂ ಹಸರು ಚೀಟಿ ಹಚ್ಚಿ ಮಾರ್ತೀಯಾ?"

ಒಳಗಿನಿಂದ ಆಸಿಂ ಬಂದ. ಅಮ್ಮನನ್ನು ಕಂಡು ಅವನ ಬಣ್ಣ ಇಳಿಯಿತು. ಗವಿಸಿದ್ದೇಶನಿಗೆ ಈಗ ಅರ್ಥವಾಯಿತು. "ಅಮ್ಮಾ, ಗುಳಿಗಿ ಬಿಡ್ರಿ ಅಂತ ನಾವು ಪಾಕೀಟಿನ ಮ್ಯಾಲ ಎಲ್ಲೂ ಬರದಿಲ್ಲ" ಎಂದ.

"ಬರದಿಲ್ಲ, ಬಾಯಿಲೆ ಹೇಳೀರಿ. ನನ್ನ ಮಗಗ ಗಿಳಿಪಾಠ ಮಾಡಿಸೀರಿ. ಆ ಗಿಳಿ ಮನಿಗೆ ಬಂದು ಅವರಪ್ಪಗ ಒದರೇತಿ."

ಆಗ ಅಂಗಡಿಯಲ್ಲಿ ಒಬ್ಬ ಗಿರಾಕಿ ಇದ್ದ. ಸಿರಿಗೇರಿಯವನು, ವೀರೇಶ್ ಅಂತ. ತಾಯಿಗೆ ಶುಗರ್ ಅಂತ ಅದೇ ಪಾಕೀಟು ಕೈಯಲ್ಲಿ ಹಿಡಿದಿದ್ದ. ಇವರ ಜಗಳ ನೋಡಿ ಆಸಿಂನ ಕಡೆ ತಿರುಗಿ ಕೇಳಿದ: "ಅಲ್ಲಪ್ಪ, ಇದನ್ನ ತಿಂದ್ರ ಗುಳಿಗಿ ಬಿಡಬೌದು ಅಂತ ಹೋದವಾರ ನೀನಾ ಅಂದಿದ್ದಿ. ನಮ್ಮವ್ವ ಬಿಟ್ಟಾಳ."

ಗವಿಸಿದ್ದೇಶ್ ಆಸಿಂನನ್ನು ನೋಡಿದ. ಆ ನೋಟದಲ್ಲಿ ಸಂಬಳವಿತ್ತು, ಕೆಲಸವಿತ್ತು. ಗುಲ್ಜಾರಬೀಯೂ ನೋಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಹೊತ್ತಿನಲ್ಲಿ ಅವಳಿಗೆ ಮುದ್ದು ಬರಲಿಲ್ಲ. ಕಪಾಳಕ್ಕೆ ಕೊಡಬೇಕು ಅನ್ನಿಸಿತು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

"ನಿಮ್ಮಪ್ಪನ ಬೆರಳು ಈಗ ಕೊಯ್ಯಾಕತ್ತಾರ" ಎಂದಳು. "ಬೆರಳಿಗೆ ಮುಗಿತೈತೋ ಪಾದಕ್ಕ ಬರ್ತೈತೋ ಗೊತ್ತಿಲ್ಲ. ಈಗ ಇವರಿಗೆ ಏನು ಹೇಳ್ತಿ, ಹೇಳು."

ಆಸಿಂ ಸಿರಿಗೇರಿಯವನ ಕೈಯಿಂದ ಪಾಕೀಟು ತೆಗೆದುಕೊಂಡ. "ಅಣ್ಣಾ, ಇವತ್ತಾ ಮನಿಗೆ ಹೋಗಿ ಗುಳಿಗಿ ಕೊಡ್ರಿ. ದವಾಖಾನಿಗೆ ತೋರಸ್ರಿ. ನಾನು ಹೇಳಿದ್ದು ಸುಳ್ಳು. ನಮ್ಮಪ್ಪಗೂ ಅದಾ ಹೇಳಿದ್ದೆ" ಎಂದು ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಗವಿಸಿದ್ದೇಶ್ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂತ. ನಾಳೆಯಿಂದ ಬರಬೇಡ ಅಂತ ಸಂಜೆ ಫೋನಿನಲ್ಲಿ ಹೇಳಿದ, ಅಷ್ಟೇ ಮೆತ್ತಗೆ.

ಪಾದ ಉಳಿಯಿತು. ಹೆಬ್ಬೆರಳು ಬುಡಸಮೇತ ಹೋಯಿತು.

ಊರಿಗೆ ಬಂದ ಮರುದಿನ ಗುಲ್ಜಾರಬೀ ಚೊಂಗೆ ಕೊಟ್ಟ ಮನೆಗಳಿಗೆಲ್ಲ ಖಾಲಿ ಬುಟ್ಟಿ ಹಿಡಿದು ಹೋದಳು. ನಾನು ಹೇಳಿದ್ದು ತಪ್ಪು, ಗುಳಿಗೆ ಬಿಟ್ಟಿದ್ದರೆ ತಿನ್ನಿ, ಬಿಡದಿದ್ದರೆ ಬಿಡಬೇಡಿ ಅಂದಳು. ತಪ್ಪು ಎಂಬ ಮಾತು ಅವಳ ಬಾಯಿಂದ ಆ ಓಣಿ ಕೇಳಿದ್ದು ಅದೇ ಮೊದಲು. ಅದನ್ನೂ ಜಗಳಕ್ಕೆ ಬಂದವಳ ಹಾಗೆಯೇ ಹೇಳಿದಳು.

ಚನ್ನವೀರಮ್ಮ ಗುಳಿಗೆ ಬಿಟ್ಟಿರಲಿಲ್ಲ. "ನನ್ನ ಮಗಳು ಬಾಯಿ ತೆರೆಸಿ ನಾಲಿಗಿ ಎತ್ತಿಸಿ ನೋಡ್ತಾಳವ್ವ" ಎಂದಳು. ಮೊಮ್ಮಗಳ ಮದುವೆ ಗಾದಿಯಿಲ್ಲದೇ ಮುಗಿದಿತ್ತು. ಅಂಗಡಿಯ ಫೋಮಿನ ಗಾದಿ ತರೋಣ ಅಂದ ಮಗನಿಗೆ ಅವಳು ಬೈದು ಸುಮ್ಮನಿರಿಸಿದ್ದಳಂತೆ. "ಪೀರಣ್ಣ ಹೊಲೀಲಿ. ಅಲ್ಲೀಮಟ ಹುಡುಗಿ ಚಾಪಿ ಮ್ಯಾಲ ಮಲಗ್ತಾಳ, ಏನೂ ಸೊರಗಂಗಿಲ್ಲ."

ಗಾಯ ಮಾಯ್ದ ಮೇಲೆ ಒಂದು ಬೆಳಿಗ್ಗೆ ಗುಲ್ಜಾರಬೀ ಗುಳಿಗೆ ಕೊಟ್ಟಳು. ಪೀರಸಾಬ್ ನುಂಗಿ, ತಾನಾಗಿಯೇ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ. ಚಪ್ಪೆ ಚಹಾ ಕುಡಿದು, ಗಂಗೋತ್ರಿಯ ಗಾದಿಯ ಮೇಲೆ ಕೂತ. ಹೊಸ ಖೋಳು, ಹೊಸ ದಾರ. ಬಲಗಾಲು ಚಾಚಿದ. ಅಂಚು ಹಿಡಿಯುವ ಜಾಗದಲ್ಲಿ ಏನೂ ಇರಲಿಲ್ಲ. ಉಳಿದ ಬೆರಳುಗಳಿಂದ ಒತ್ತಿದ, ಬಟ್ಟೆ ಜಾರಿತು. ಎಡಗಾಲು ಚಾಚಿದ, ದಬ್ಬಣ ಹಿಡಿದ ಕೈಗೆ ಅದು ಅಡ್ಡ ಬಂತು. ಕೆಲಸ ಬಿಟ್ಟು ಮನೆಯಲ್ಲೇ ಇದ್ದ ಆಸಿಂ ಕೈಯಿಂದ ಹಿಡಿಯಲು ಬಂದ. ಅವನು ಬಿಗಿ ಹಿಡಿದರೂ ಗೆರೆ ಸೊಟ್ಟ. ಪೀರಸಾಬ್ ಬೇಡ ಬಿಡು ಅಂದು, ದಬ್ಬಣವನ್ನು ಹತ್ತಿಗೆ ಚುಚ್ಚಿಟ್ಟು, ಗೋಡೆ ನೋಡುತ್ತ ಕೂತ.

ಗುಲ್ಜಾರಬೀ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಅವಳ ಮೈಯೆಲ್ಲ ಉರಿಯಿತು. ಆ ಹಸಿರು ಬೋರ್ಡಿನ ಮೇಲೆ, ಮಗನ ಮೇಲೆ, ಸುಳ್ಳು ಹೇಳಿದ ಈ ಮುದುಕನ ಮೇಲೆ, ಸುಳ್ಳು ಹೇಳುವಷ್ಟು ಅವನನ್ನು ಹೆದರಿಸಿಟ್ಟ ತನ್ನ ಬಾಯಿಯ ಮೇಲೆ. ಬಂದವಳೇ ಗಾದಿಯ ಮೇಲೆ ಅವನ ಪಕ್ಕಕ್ಕೆ ಒತ್ತಿಕೊಂಡು ಕೂತಳು. ಸೀರೆಯನ್ನು ತುಸು ಮೇಲೆತ್ತಿ, ತನ್ನ ಬಲಗಾಲು ಚಾಚಿ, ಹೆಬ್ಬೆರಳಿನಿಂದ ಅಂಚನ್ನು ಒತ್ತಿ ಹಿಡಿದಳು. ಮದುವೆಯಾದಾಗಿನಿಂದ ನೋಡಿದ ಕೆಲಸ. ಬಟ್ಟೆ ಬಿಗಿಯಾಗಿ ನಿಂತಿತು.

ಪೀರಸಾಬ್ ಅವಳ ಕಾಲನ್ನು ನೋಡಿದ, ಮುಖವನ್ನು ನೋಡಿದ.

"ನನ್ನ ಮಕ ಏನು ನೋಡ್ತೀರಿ? ಅಂಚು ನೋಡ್ಕೊಂಡು ಹೊಲೀರಿ" ಎಂದಳು ಗುಲ್ಜಾರಬೀ. "ಇದು ನಿಮ್ಮ ಕಾಲಲ್ಲ. ಚುಚ್ಚಿದ್ರ ನನಗ ನೋವಾಗ್ತೈತಿ."